ಬ್ಯಾಟರಿ ಖಾಲಿ ಆದ್ರ ಏನ್ ಮಾಡ್ತಾರ್ರೀ?

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಪೋಷಕರ ಜೊತೆ ವಿಮಾನದ ಮಾತು ಬಂದರೆ ಈಚೆಗೆ ಈ ಪ್ರಶ್ನೆ ಬಂದೇ ಬರುತ್ತದೆ. ಕಾರಣವೂ ಇದೆ. ಮಗ ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ನೌಕರಿಯಲ್ಲಿರುತ್ತಾನೆ, ದೀಪಾವಳಿಗೆ ಹುಬ್ಬಳ್ಳಿಗೆ ಹಾರಿ ಬಂದು, ಅಲ್ಲಿಂದ 60 ಕಿ.ಮೀ. ಬಸ್ಸು ಹಿಡಿದು ಗದಗಿಗೆ ಬರುತ್ತಾನೆ. ಮನೆಯಲ್ಲಿ ಕೂತವರು ಮೊಬೈಲಿನಲ್ಲಿ ನೋಡುವುದು ಬೇರೆ: ಇನ್ನು ಮುಂದೆ ವಿಮಾನಗಳು ಬ್ಯಾಟರಿಯಲ್ಲಿ, ಹೈಡ್ರೋಜನ್‌ನಲ್ಲಿ, ಕರಿದ ಎಣ್ಣೆಯಲ್ಲಿ ಹಾರುತ್ತವಂತೆ. ಎದೆ ಸ್ವಲ್ಪ ಹೊಡೆದುಕೊಳ್ಳುವುದು ಸಹಜ.

ಈ ಮೂರನ್ನೂ ಒಂದೇ ಗಂಟು ಕಟ್ಟಿದ್ದರಿಂದಲೇ ಅರ್ಧ ಗಾಬರಿ ಹುಟ್ಟಿದೆ. ಮೊದಲು ಗಂಟು ಬಿಚ್ಚೋಣ.

ಕರಿದ ಎಣ್ಣೆ, ಎಥೆನಾಲ್, ಕಾಡುಹರಳಿನಂಥ ಬೀಜಗಳಿಂದ ಮಾಡುವ ಜೈವಿಕ ಇಂಧನದ ಬಗ್ಗೆ ನಿಶ್ಚಿಂತರಾಗಿರಿ. ಶುದ್ಧೀಕರಿಸಿದ ಮೇಲೆ ಅದು ರಾಸಾಯನಿಕವಾಗಿ ಈಗಿನ ವಿಮಾನ ಇಂಧನಕ್ಕೆ ತೀರಾ ಹತ್ತಿರ. ಎಂಜಿನ್ ಅದೇ, ವೇಗ ಅದೇ, ಹಾರುವ ಎತ್ತರವೂ ಅದೇ. 2018ರ ಆಗಸ್ಟ್‌ನಲ್ಲಿ ಡೆಹ್ರಾಡೂನಿನಿಂದ ದೆಹಲಿಗೆ ಸ್ಪೈಸ್‌ಜೆಟ್‌ನ ವಿಮಾನವೊಂದು ಇಂಥ ಇಂಧನ ಬೆರೆಸಿಕೊಂಡು ಹಾರಿತು. ಅದನ್ನು ತಯಾರಿಸಿದ್ದು ಡೆಹ್ರಾಡೂನಿನ ಭಾರತೀಯ ಪೆಟ್ರೋಲಿಯಂ ಸಂಸ್ಥೆ. 2023ರ ನವೆಂಬರ್‌ನಲ್ಲಿ ವರ್ಜಿನ್ ಅಟ್ಲಾಂಟಿಕ್‌ನ ಬೋಯಿಂಗ್ 787 ಪೂರ್ತಿ ಇದೇ ಇಂಧನದಲ್ಲಿ ಲಂಡನ್ನಿನಿಂದ ನ್ಯೂಯಾರ್ಕ್ ಮುಟ್ಟಿತು. ನಮ್ಮ ದೇಶ ಅಂತರರಾಷ್ಟ್ರೀಯ ಹಾರಾಟಗಳಿಗೆ 2027ಕ್ಕೆ ಶೇ. 1, 2028ಕ್ಕೆ ಶೇ. 2, 2030ಕ್ಕೆ ಶೇ. 5ರಷ್ಟು ಬೆರಕೆಯ ಗುರಿ ಇಟ್ಟುಕೊಂಡಿದೆ. ಕಂಟ್ರೋಲ್ ಟವರಿನಲ್ಲಿ ಕೂತವರಿಗೆ ಯಾವ ವಿಮಾನದ ಟ್ಯಾಂಕಿನಲ್ಲಿ ಏನಿದೆ ಎಂದು ಗೊತ್ತಾಗುವ ಅಗತ್ಯವೂ ಇಲ್ಲ. 

ಬ್ಯಾಟರಿಯದು ಮಾತ್ರ ನಿಜವಾಗಿಯೂ ಹೊಸ ಸಂಗತಿ.

ಒಂದು ಕಿಲೋ ವಿಮಾನ ಇಂಧನದಲ್ಲಿ ಸುಮಾರು 12,000 ವ್ಯಾಟ್-ಅವರ್ ಶಕ್ತಿ ಇರುತ್ತದೆ. ಒಂದು ಕಿಲೋ ಒಳ್ಳೆಯ ಲಿಥಿಯಂ ಬ್ಯಾಟರಿಯಲ್ಲಿ ಸುಮಾರು 250. ವಿದ್ಯುತ್ ಮೋಟಾರು ಶಕ್ತಿಯನ್ನು ಹೆಚ್ಚು ದಕ್ಷವಾಗಿ ಬಳಸುತ್ತದೆ ನಿಜ, ಆದರೂ ಅಂತರ ತುಂಬುವುದಿಲ್ಲ. ಇನ್ನೊಂದು ತೊಡಕೂ ಇದೆ. ಇಂಧನ ಉರಿದಂತೆ ವಿಮಾನ ಹಗುರಾಗುತ್ತದೆ, ಬ್ಯಾಟರಿ ಖಾಲಿಯಾದರೂ ತೂಕ ಇಳಿಯುವುದಿಲ್ಲ. ಹಾಗಾಗಿ ಇಡೀ ಭಾರ ಹೊತ್ತುಕೊಂಡೇ ನೆಲಕ್ಕಿಳಿಯಬೇಕು. ಯುರೋಪಿನಲ್ಲಿ 2020ರಲ್ಲಿ ಪೂರ್ಣ ಪ್ರಮಾಣಪತ್ರ ಪಡೆದ ಮೊದಲ ವಿದ್ಯುತ್ ವಿಮಾನ ಪಿಪಿಸ್ಟ್ರೆಲ್ ವೆಲಿಸ್ ಎಲೆಕ್ಟ್ರೊದಲ್ಲಿ ಇಬ್ಬರು ಕೂರಬಹುದು, ಅದು ಹಾರುವುದು ಮುಕ್ಕಾಲು ತಾಸಿನ ಆಸುಪಾಸು. ಆದ್ದರಿಂದ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಎಪ್ಪತ್ತು ಜನರನ್ನು ಹೊತ್ತು ಬ್ಯಾಟರಿ ವಿಮಾನ ನಾಳೆಯೇ ಹೊರಡುವುದಿಲ್ಲ.

ಈಗ ಮೂಲ ಪ್ರಶ್ನೆಗೆ ಬರೋಣ. ಇಂಧನ ಮುಗಿಯುತ್ತ ಬಂದರೆ ಇವತ್ತಿನ ವಿಮಾನಗಳು ಏನು ಮಾಡುತ್ತವೆ? ಮಳೆಗಾಲದ ಸಂಜೆ ಹುಬ್ಬಳ್ಳಿಯ ರನ್‌ವೇ ಕಾಣುತ್ತಿಲ್ಲ ಎನ್ನಿ. ವಾಯು ಸಂಚಾರ ನಿಯಂತ್ರಕರು (ಎಟಿಸಿ) ವಿಮಾನವನ್ನು ಒಂದು ನಿಗದಿತ ಜಾಗದಲ್ಲಿ ಸುತ್ತು ಹಾಕಿಸುತ್ತಾರೆ. ತಿಳಿಯಾಗದಿದ್ದರೆ ಅದು ಬೆಳಗಾವಿಗೋ ಗೋವಾಕ್ಕೋ ಬೆಂಗಳೂರಿಗೋ ತಿರುಗುತ್ತದೆ. ಇದೆಲ್ಲಕ್ಕೂ ಇಂಧನ ಹಾಕಿಕೊಂಡೇ ಹೊರಟಿರಬೇಕು. ಅದರ ಮೇಲೆ ಇನ್ನೂ 30 ನಿಮಿಷ ಹಾರುವಷ್ಟು ಕೊನೆಯ ಮೀಸಲನ್ನು ಜೆಟ್ ಮುಟ್ಟುವ ಹಾಗಿಲ್ಲ. ಆ ಮೀಸಲಿಗೆ ಕೈ ಹಾಕಬೇಕಾಗಬಹುದು ಎನ್ನಿಸಿದಾಗಲೇ ಪೈಲಟ್ ‘ಮಿನಿಮಮ್ ಫ್ಯೂಯಲ್’ ಎಂದು ರೇಡಿಯೊದಲ್ಲಿ ತಿಳಿಸುತ್ತಾನೆ. ಕೈ ಹಾಕುವುದು ಖಚಿತವಾದರೆ ‘ಮೇಡೇ ಫ್ಯೂಯಲ್’. ಆಗ ಉಳಿದವರೆಲ್ಲ ದಾರಿ ಬಿಡುತ್ತಾರೆ.

ಬ್ಯಾಟರಿ ವಿಮಾನಕ್ಕೆ ಸುತ್ತು ಹಾಕುವ ಐಷಾರಾಮ ಇರುವುದಿಲ್ಲ. ಹಾಗಾಗಿ ಕಾಯುವ ಕೆಲಸ ಆಕಾಶದಿಂದ ನೆಲಕ್ಕೆ ಇಳಿಯುತ್ತದೆ. ಮುಟ್ಟುವ ಊರಿನಲ್ಲಿ ಇಳಿಯುವ ಸರದಿ ಖಚಿತವಾದ ಮೇಲೆಯೇ ಹೊರಡಲು ಅನುಮತಿ. ಇದೇನೂ ಕಲ್ಪನೆಯಲ್ಲ. ದಟ್ಟಣೆಯಾದಾಗ ವಿಮಾನಗಳನ್ನು ಹೊರಡುವ ಊರಲ್ಲೇ ತಡೆಹಿಡಿಯುವ ಹರಿವು ನಿರ್ವಹಣಾ ಕೇಂದ್ರ ದೆಹಲಿಯಲ್ಲಿ ಈಗಾಗಲೇ ಕೆಲಸ ಮಾಡುತ್ತಿದೆ. ನಿಮ್ಮ ಮಗಳು ಫೋನ್ ಮಾಡಿ ‘ವಿಮಾನದಾಗ ಕುಂತೀವಿ, ಇನ್ನೂ ಬಿಟ್ಟಿಲ್ಲ’ ಎಂದರೆ ಬೈದುಕೊಳ್ಳಬೇಡಿ. ಆ ಅರ್ಧ ತಾಸು ಆಕಾಶದಲ್ಲಿ ಕಳೆಯುವುದಕ್ಕಿಂತ ನೆಲದಲ್ಲಿ ಕಳೆಯುವುದು ಇಂಧನಕ್ಕೂ ಒಳ್ಳೆಯದು, ಸುರಕ್ಷತೆಗೂ ಒಳ್ಳೆಯದು.

ನಿಯಂತ್ರಕರಿಗೆ ಇದಕ್ಕಿಂತ ದೊಡ್ಡ ತಲೆನೋವು ವೇಗದ್ದು. ಏರ್‌ಬಸ್ ಜೆಟ್ ತಾಸಿಗೆ 800 ಕಿ.ಮೀ. ದಾಟುತ್ತದೆ, ಪಂಖದ ಎಟಿಆರ್ ಸುಮಾರು 500. ಬರಲಿರುವ ವಿದ್ಯುತ್ ವಿಮಾನಗಳು ಇನ್ನೂ ನಿಧಾನ. ಗದಗ-ಹುಬ್ಬಳ್ಳಿ ರಸ್ತೆಯಲ್ಲಿ ಹತ್ತಿ ತುಂಬಿದ ಟ್ರ್ಯಾಕ್ಟರಿನ ಹಿಂದೆ ಕಾರು ಸಿಕ್ಕಿಕೊಂಡ ಹಾಗೆ. ಆದರೆ ಆಕಾಶದಲ್ಲಿ ಬ್ರೇಕ್ ಒತ್ತಿ ನಿಲ್ಲುವಂತಿಲ್ಲ. ರಾಡಾರಿನಡಿ ದೂರದ ಮಾರ್ಗದಲ್ಲಿ ಎರಡು ವಿಮಾನಗಳ ನಡುವೆ ಸಾಮಾನ್ಯವಾಗಿ 9 ಕಿ.ಮೀ. ಅಂತರ ಇರಬೇಕು, ಅಷ್ಟಿಲ್ಲದಿದ್ದರೆ ಎತ್ತರದಲ್ಲಿ 1,000 ಅಡಿ ವ್ಯತ್ಯಾಸ. ದೊಡ್ಡ ವಿಮಾನ ಹಾದುಹೋದ ಮೇಲೆ ಅದರ ರೆಕ್ಕೆತುದಿಯ ಸುಳಿಗಾಳಿ ಅಡಗುವ ತನಕ ಹಗುರ ವಿಮಾನ ಹಿಂದೆಯೇ ಬರುವಂತಿಲ್ಲ. ವೇಗ, ತೂಕ, ಸಮಯದ ಮಿತಿ ಮೂರೂ ಬೇರೆಬೇರೆ ಇರುವ ವಿಮಾನಗಳನ್ನು ಒಂದೇ ರನ್‌ವೇಗೆ ಪೋಣಿಸುವುದೇ ಮುಂದಿನ ಇಪ್ಪತ್ತು ವರ್ಷದ ಎಟಿಸಿ ಕೆಲಸ. ನನ್ನನ್ನು ಕೇಳಿದರೆ ಹೊಸ ಎಂಜಿನ್‌ಗಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದದ್ದು ಇದಕ್ಕೆ. ಇದಕ್ಕೆ ಬೇಕಾದದ್ದು ಸಾಕಷ್ಟು ನಿಯಂತ್ರಕರು ಮತ್ತು ಅವರಿಗೆ ಸಾಕಷ್ಟು ವಿಶ್ರಾಂತಿ.

ಹೈಡ್ರೋಜನ್ ಬಗ್ಗೆ ಎರಡೇ ಮಾತು. ಅದನ್ನು ದ್ರವವಾಗಿಡಲು ಮೈನಸ್ 253 ಡಿಗ್ರಿ ಬೇಕು. ಅಷ್ಟೇ ಶಕ್ತಿಗೆ ಈಗಿನ ಇಂಧನದ ನಾಲ್ಕು ಪಟ್ಟು ಜಾಗವೂ ಬೇಕು. 2023ರ ಜನವರಿಯಲ್ಲಿ ಬ್ರಿಟನ್ನಿನಲ್ಲಿ ಜೀರೋಏವಿಯಾ ಕಂಪನಿ ಡಾರ್ನಿಯರ್ 228 ವಿಮಾನದ ಒಂದು ಬದಿಗೆ ಹೈಡ್ರೋಜನ್-ವಿದ್ಯುತ್ ಎಂಜಿನ್ ಕಟ್ಟಿ ಹಾರಿಸಿತು. ಇದೇ ಮಾದರಿಯ ವಿಮಾನವನ್ನು ನಮ್ಮ ಎಚ್‌ಎಎಲ್ ಕಾನ್ಪುರದಲ್ಲಿ ತಯಾರಿಸುತ್ತದೆ. 2035ಕ್ಕೆ ಹೈಡ್ರೋಜನ್ ವಿಮಾನ ತರುತ್ತೇವೆ ಎಂದಿದ್ದ ಏರ್‌ಬಸ್, ಆ ಗಡುವನ್ನು 2025ರಲ್ಲಿ ಮುಂದೆ ಹಾಕಿತು.

ಇಂಥ ವಿಳಂಬವನ್ನು ಪತ್ರಿಕೆಗಳು ಸೋಲು ಎಂಬಂತೆ ಬರೆಯುತ್ತವೆ. ನಾನು ಅದನ್ನು ಒಳ್ಳೆಯ ಸುದ್ದಿಯಾಗಿಯೇ ಓದುತ್ತೇನೆ: ಸುರಕ್ಷತೆ ಖಚಿತವಾಗದೆ ಹಾರಲು ಬಿಡುವುದಿಲ್ಲ ಎಂದರ್ಥ. 2013ರ ಜನವರಿಯಲ್ಲಿ ಎರಡು ಜಪಾನೀ ವಿಮಾನಗಳ ಬ್ಯಾಟರಿ ಕೆಟ್ಟಿದ್ದಕ್ಕೆ ಜಗತ್ತಿನ ಎಲ್ಲ ಬೋಯಿಂಗ್ 787ಗಳನ್ನೂ, ಏರ್ ಇಂಡಿಯಾದವೂ ಸೇರಿ, ತಿಂಗಳುಗಟ್ಟಲೆ ನೆಲದಲ್ಲಿ ನಿಲ್ಲಿಸಿದರು. ಬ್ಯಾಟರಿಗೆ ಗಟ್ಟಿ ಪೆಟ್ಟಿಗೆ, ಹೊಗೆ ಹೊರಹೋಗುವ ದಾರಿ ಮಾಡಿದ ಮೇಲೆಯೇ ಮತ್ತೆ ಬಿಟ್ಟದ್ದು.

ಬ್ಯಾಟರಿಯ ಭಯ ನಿಮಗೆ ಇರಲೇಬೇಕೆಂದರೆ ಮಗನ ಚೀಲದ ಕಡೆ ನೋಡಿ. ಪವರ್ ಬ್ಯಾಂಕನ್ನು ಚೆಕ್-ಇನ್ ಸೂಟ್‌ಕೇಸಿನಲ್ಲಿ ಇಡಬಾರದು, ಕೈಚೀಲದಲ್ಲೇ ಇರಬೇಕು. ಸರಕಿನ ಕೋಣೆಯಲ್ಲಿ ಹೊತ್ತಿಕೊಂಡರೆ ನಂದಿಸುವವರಿರುವುದಿಲ್ಲ. 100 ವ್ಯಾಟ್-ಅವರ್ ಮೀರಿದ್ದಕ್ಕೆ, ಎಂದರೆ ಸುಮಾರು 27,000 ಎಂಎಎಚ್ ಮೇಲಿನದಕ್ಕೆ, ವಿಮಾನ ಸಂಸ್ಥೆಯ ಅನುಮತಿ ಬೇಕು. ಉಬ್ಬಿದ್ದನ್ನು ಮನೆಯಲ್ಲೇ ಬಿಡಿಸಿ.

ಮತ್ತೆ ಆಕಾಶದ ಕಡೆ ನೋಡೋಣ. ಚಳಿಗಾಲದ ಬೆಳಗ್ಗೆ ವಿಮಾನದ ಹಿಂದೆ ಬಿಳಿ ಗೆರೆ ಕಂಡರೆ ಮಕ್ಕಳು ಹೊಗೆ ಎನ್ನುತ್ತಾರೆ. ಅದು ಹೆಚ್ಚಾಗಿ ಮಂಜಿನ ಹರಳು. ಆದರೂ ಅದು ಭೂಮಿಯ ಶಾಖ ಹೊರಹೋಗದಂತೆ ಹಿಡಿದಿಡುತ್ತದೆ. 2023ರಲ್ಲಿ ಗೂಗಲ್ ಮತ್ತು ಅಮೆರಿಕನ್ ಏರ್‌ಲೈನ್ಸ್ 70 ಹಾರಾಟಗಳಲ್ಲಿ ಎತ್ತರವನ್ನು ಅಷ್ಟಿಷ್ಟು ಬದಲಿಸಿ ಈ ಗೆರೆಗಳನ್ನು ಶೇ. 54ರಷ್ಟು ತಗ್ಗಿಸಿದವು. ಯುರೋಪಿನ ಮಾಸ್ಟ್ರಿಕ್ಟ್ ನಿಯಂತ್ರಣ ಕೇಂದ್ರ 2021ರಲ್ಲೇ ಇಂಥ ಪ್ರಯೋಗ ನಡೆಸಿತ್ತು. ಹೊಸ ವಿಮಾನವೇ ಬೇಡ, ನಿಯಂತ್ರಕರ ಒಂದು ಸೂಚನೆಯಿಂದಲೇ ಈ ಹಾನಿ ತಗ್ಗಬಹುದು. ಆದರೆ ದಟ್ಟಣೆಯಿರುವ ಆಕಾಶದಲ್ಲಿ ಮೇಲೆ-ಕೆಳಗೆ ಸರಿಸಲು ಜಾಗ ಬೇಕು. ಜಾಗ ಇಲ್ಲದಿದ್ದರೆ ಗೆರೆ ಉಳಿದರೂ ಸರಿ, ಅಂತರ ಕಾಯುವುದೇ ಮೊದಲು.

ಹೊಗೆಯಿಲ್ಲದ ಹಾರುವ ಯಂತ್ರ ಗದಗ ಜಿಲ್ಲೆಗೆ ಆಗಲೇ ಬಂದಿದೆ ಎಂಬುದು ಹಲವರ ಲಕ್ಷ್ಯಕ್ಕೆ ಬಂದಿಲ್ಲ. ಹೊಲದಲ್ಲಿ ಔಷಧಿ ಸಿಂಪಡಿಸುವ, ಮದುವೆಯಲ್ಲಿ ತಲೆಯ ಮೇಲೆ ಗುಂಯ್‌ಗುಡುವ ಡ್ರೋನ್ ಕಾನೂನಿನ ಕಣ್ಣಲ್ಲಿ ವಿಮಾನವೇ. ಪೋಷಕರು ನಿಜವಾಗಿ ಕೈ ಹಾಕಬಹುದಾದ ಜಾಗವೂ ಇದೇ. 2021ರ ಡ್ರೋನ್ ನಿಯಮಗಳ ಪ್ರಕಾರ ಹಸಿರು ವಲಯದಲ್ಲಿ 400 ಅಡಿ, ಎಂದರೆ 120 ಮೀಟರ್ ತನಕ ಪೂರ್ವಾನುಮತಿ ಬೇಡ. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ನಡುವೆ ಈ ಮಿತಿ 200 ಅಡಿ. ಅದಕ್ಕೂ ಒಳಗೆ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಲಕ್ಷ್ಮೇಶ್ವರದ ಹೊಲದಲ್ಲಿ ನಡೆದದ್ದು ಹುಬ್ಬಳ್ಳಿ ಗೋಕುಲ ರಸ್ತೆಯ ಕಲ್ಯಾಣಮಂಟಪದಲ್ಲಿ ನಡೆಯುವುದಿಲ್ಲ, ಅಲ್ಲಿ ವಿಮಾನಗಳು ಇಳಿಯುತ್ತಿರುತ್ತವೆ. ಗಣ್ಯರು ಬಂದಾಗ ನಮ್ಮೂರಿನ ಆಕಾಶವನ್ನೂ 96 ತಾಸಿನವರೆಗೆ ಕೆಂಪು ವಲಯ ಮಾಡಬಹುದು. ಹಾಗಾಗಿ ಪ್ರತಿ ಸಲ ‘ಡಿಜಿಟಲ್ ಸ್ಕೈ’ ನಕ್ಷೆ ನೋಡಿಯೇ ಹಾರಿಸಬೇಕು. ಸಿಂಪಡಣೆಯ ದೊಡ್ಡ ಡ್ರೋನ್‌ಗೆ ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಕು. ಅದಕ್ಕೆ 18 ತುಂಬಿರಬೇಕು, ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಒಂಬತ್ತನೇ ತರಗತಿಯ ಹುಡುಗನ ಕೈಗೆ ‘ನೋಡೋಣ, ನೀನೇ ಹೊಡಿ’ ಎಂದು ಕೊಡಬೇಡಿ. ಕಪ್ಪತಗುಡ್ಡದ ಸುತ್ತ ಗಾಳಿಯಂತ್ರಗಳ ಹತ್ತಿರ ಆಟಿಕೆ ಡ್ರೋನನ್ನೂ ಬಿಡಬೇಡಿ. ಈಚಿನ ಯಂತ್ರಗಳ ರೆಕ್ಕೆತುದಿ 120 ಮೀಟರ್ ದಾಟುತ್ತದೆ. ಅವುಗಳ ಮೇಲೆ ರಾತ್ರಿ ಮಿನುಗುವ ಕೆಂಪು ದೀಪ ಇರುವುದೇ ಹಾರುವವರಿಗೆ ಎಚ್ಚರಿಕೆ ಕೊಡಲು.

ಕೊನೆಗೆ, ‘ಎಲ್ಲಾ ಕಂಪ್ಯೂಟರೇ ಮಾಡಿದರೆ ಎಟಿಸಿ ನೌಕರಿ ಉಳೀತದೇನ್ರೀ’ ಎನ್ನುವವರಿಗೆ. ಉಳಿಯುತ್ತದೆ, ಕೆಲಸ ಇನ್ನಷ್ಟು ತೊಡಕಾಗುತ್ತದೆ.   ನಿಯಂತ್ರಕರಾಗಲು ವಿಮಾನ ನಿಲ್ದಾಣ ಪ್ರಾಧಿಕಾರ ಜೂನಿಯರ್ ಎಕ್ಸಿಕ್ಯೂಟಿವ್ ಪರೀಕ್ಷೆ ನಡೆಸುತ್ತದೆ. ಭೌತಶಾಸ್ತ್ರ, ಗಣಿತ ಇರುವ ಬಿ.ಎಸ್ಸಿ ಅಥವಾ ಎಂಜಿನಿಯರಿಂಗ್ ಸಾಕು, ಸಾಮಾನ್ಯ ವರ್ಗಕ್ಕೆ ವಯೋಮಿತಿ 27. ಲಕ್ಷಗಟ್ಟಲೆ ಖರ್ಚಿನ ಪೈಲಟ್ ಕೋರ್ಸ್ ಕೈಗೆಟುಕದ ಮನೆಗೆ ಇದು ಒಳ್ಳೆಯ ದಾರಿ. ಕನ್ನಡ ಮಾಧ್ಯಮ ಎಂದು ಹಿಂಜರಿಯಬೇಡಿ. ರೇಡಿಯೊದಲ್ಲಿ ಬಳಸುವ ಇಂಗ್ಲಿಷ್ ಎಣಿಸಿದಷ್ಟು ಪದಗಳದ್ದು, ‘ನೈನ್’ ಅನ್ನು ‘ನೈನರ್’ ಎನ್ನುವುದೂ ಸೇರಿ ಎಲ್ಲವನ್ನೂ ತರಬೇತಿಯಲ್ಲಿ ಕಲಿಸುತ್ತಾರೆ. ಅದರಾಚೆಯ ಮಾತುಕತೆಗೆ ಬೇಕಾದ ಇಂಗ್ಲಿಷನ್ನು ಡಿಗ್ರಿ ಮುಗಿಯುವುದರೊಳಗೆ ಬಾಯಿಗೆ ತಂದುಕೊಂಡರಾಯಿತು. ಮಗುವಿಗೆ ಬಣ್ಣಗುರುಡು ಇದೆಯೇ ಎಂಬುದನ್ನು ಮಾತ್ರ ಪಿಯುಸಿಗೆ ಮೊದಲೇ ಕಣ್ಣಿನ ಡಾಕ್ಟರ ಹತ್ತಿರ ನೋಡಿಸಿ. ಡಿಗ್ರಿ, ಪರೀಕ್ಷೆ ಎಲ್ಲ ದಾಟಿ ವೈದ್ಯಕೀಯ ತಪಾಸಣೆಯಲ್ಲಿ ಅದು ಗೊತ್ತಾಗುವುದಕ್ಕಿಂತ ಈಗಲೇ ಗೊತ್ತಾದರೆ ಬೇರೆ ದಾರಿ ಹುಡುಕಲು ಸಮಯವಿರುತ್ತದೆ.