ಬೇವಿನ ಎಲೆಯಿಂದ ಮುಲಾಮಿನವರೆಗೆ

ಸೇಡಂ ತಾಲ್ಲೂಕಿನ ಕೋಡ್ಲಾ ಬಿಸಿಲು ನಾಡಿನ ಊರು. ಇಂಥ ಊರುಗಳಲ್ಲಿ ಬೇವು ನೆರಳೂ ಹೌದು, ಮದ್ದೂ ಹೌದು. ಯುಗಾದಿಯಂದು ಅದರ ಹೂವು ಬೆಲ್ಲ ಹುಣಿಸೆಗಳೊಡನೆ ಬಟ್ಟಲು ಸೇರುತ್ತದೆ. ಹದಿಹರೆಯದವರ ಮುಖದಲ್ಲಿ ಮೊಡವೆ ಮೂಡಿದರೆ, ಎಲೆಯನ್ನು ಅರೆದು ಹಚ್ಚಲು ಹಿರಿಯರು ಹೇಳುವುದುಂಟು. ಈ ನಂಬಿಕೆಯಲ್ಲಿ ಸತ್ಯಾಂಶವೆಷ್ಟು?

ಚರ್ಮದ ರೋಮಕೂಪಗಳಿಗೆ ಹೊಂದಿಕೊಂಡು ಸಣ್ಣ ಗ್ರಂಥಿಗಳಿವೆ. ಪ್ರಾಯ ಬರುವ ಕಾಲದಲ್ಲಿ ಅವು ಹೆಚ್ಚು ಜಿಡ್ಡನ್ನು ಸ್ರವಿಸುತ್ತವೆ. ಸತ್ತ ಜೀವಕೋಶಗಳೊಡನೆ ಆ ಜಿಡ್ಡು ಬೆರೆತು ಕೂಪದ ಬಾಯಿ ಮುಚ್ಚುತ್ತದೆ. ಎಲ್ಲರ ಚರ್ಮದಲ್ಲಿಯೂ ಸಹಜವಾಗಿ ವಾಸಿಸುವ ಕ್ಯೂಟಿಬ್ಯಾಕ್ಟೀರಿಯಂ ಆಕ್ನಿಸ್ ಎಂಬ ಬ್ಯಾಕ್ಟೀರಿಯ ಗಾಳಿಯಾಡದ ಆ ತಾವಿನಲ್ಲಿ ವೃದ್ಧಿಯಾಗುತ್ತದೆ. ಸುತ್ತಲೂ ಕೆಂಪಗೆ ಊದಿಕೊಳ್ಳುತ್ತದೆ. ಮೊಡವೆ ಬಂದವರನ್ನು ಕೊಳಕರೆಂದು ಹಂಗಿಸುವುದು ಅಜ್ಞಾನವಲ್ಲದೆ ಬೇರಲ್ಲ.

ಬೇವಿನ ಕಹಿಯಲ್ಲಿ ಏನಿದೆಯೆಂಬ ಶೋಧನೆ ಹಳೆಯದು. 1942ರಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಎಂಬ ರಸಾಯನ ವಿಜ್ಞಾನಿ ಬೇವಿನ ಎಣ್ಣೆಯಿಂದ ನಿಂಬಿನ್ ಮೊದಲಾದ ದ್ರವ್ಯಗಳನ್ನು ಬೇರ್ಪಡಿಸಿದರು. ಎಲೆಯ ಗುಣವನ್ನು ಪರೀಕ್ಷಿಸುವವರು ಅದನ್ನು ನೆರಳಿನಲ್ಲಿ ಒಣಗಿಸಿ, ಪುಡಿಮಾಡಿ, ಮದ್ಯಸಾರದಲ್ಲಿ ನೆನೆಯಿಟ್ಟು ಸೋಸುತ್ತಾರೆ. ಬ್ಯಾಕ್ಟೀರಿಯವನ್ನು ಹರಡಿದ ಅಗಾರ್ ತಟ್ಟೆಯಲ್ಲಿ ಸಣ್ಣ ಕುಳಿ ತೋಡಿ ಆ ಸಾರವನ್ನು ತುಂಬುತ್ತಾರೆ. ಇನ್ನೊಂದು ಕುಳಿಗೆ ಬರಿಯ ಮದ್ಯಸಾರ! ಇದು ವ್ಯರ್ಥವಲ್ಲ, ಮದ್ಯಸಾರವೇ ಸೂಕ್ಷ್ಮಜೀವಿಗಳನ್ನು ಕೊಲ್ಲಬಲ್ಲುದಾದ್ದರಿಂದ, ಕೊಂದದ್ದು ಬೇವೋ ಮದ್ಯಸಾರವೋ ಎಂಬುದು ತಿಳಿಯಬೇಕಲ್ಲವೆ? ಆಮ್ಲಜನಕವಿಲ್ಲದ ಪಾತ್ರೆಯಲ್ಲಿ, 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಎರಡು ಮೂರು ದಿನ ತಟ್ಟೆಯನ್ನು ಇಡುತ್ತಾರೆ. ಕುಳಿಯ ಸುತ್ತ ಬ್ಯಾಕ್ಟೀರಿಯ ಬೆಳೆಯದ ತಿಳಿಯಾದ ವಲಯ ಕಂಡರೆ ಅದರ ಅಗಲವನ್ನು ಮಿಲಿಮೀಟರುಗಳಲ್ಲಿ ಅಳೆಯುತ್ತಾರೆ. ಬೇವಿನ ಸಾರವು ಹಲವು ಬ್ಯಾಕ್ಟೀರಿಯಗಳ ಬೆಳವಣಿಗೆಯನ್ನು ಹೀಗೆ ತಡೆದದ್ದುಂಟು.

ಆದರೆ ತಟ್ಟೆಯಲ್ಲಿ ಗೆದ್ದದ್ದು ಮುಖದ ಮೇಲೂ ಗೆಲ್ಲುವುದೆಂಬ ನೆಚ್ಚಿಕೆಯಿಲ್ಲ. ಸಾರವು ಜಿಡ್ಡು ತುಂಬಿದ ಕೂಪದೊಳಕ್ಕೆ ಇಳಿಯಬೇಕು. ಅದನ್ನು ಮುಲಾಮಾಗಿಸಿದಾಗ ನೀರೂ ಎಣ್ಣೆಯೂ ಬೇರ್ಪಡಬಾರದು; ತಿಂಗಳುಗಟ್ಟಲೆ ಇಟ್ಟರೂ ಬೂಷ್ಟು ಹಿಡಿಯಬಾರದು; ಎಲ್ಲಕ್ಕಿಂತ ಮಿಗಿಲಾಗಿ, ಚರ್ಮ ಸುಡಬಾರದು. ಅರೆದ ಹಸಿ ಎಲೆಯಿಂದಲೂ ಕೆಲವರಿಗೆ ತುರಿಕೆ, ಉರಿ ಉಂಟಾಗುತ್ತದೆ.

ಇಷ್ಟಾದ ಮೇಲೆ ಉಳಿಯುವುದು ಮನುಷ್ಯರ ಮೇಲಿನ ಪರೀಕ್ಷೆ. ಆಸ್ಟ್ರೇಲಿಯದಲ್ಲಿ ಟೀ ಟ್ರೀ ಎಂಬ ಮರದ ಎಲೆಯ ಎಣ್ಣೆಗೆ ಅಂಥ ಪರೀಕ್ಷೆ ನಡೆಯಿತು; ಫಲಿತಾಂಶ 1990ರಲ್ಲಿ ಪ್ರಕಟವಾಯಿತು. ಮೊಡವೆಯಿದ್ದ 124 ಜನರಲ್ಲಿ ಕೆಲವರಿಗೆ ಶೇಕಡ 5ರಷ್ಟು ಆ ಎಣ್ಣೆಯಿದ್ದ ಲೇಪವನ್ನೂ, ಉಳಿದವರಿಗೆ ಅಷ್ಟೇ ಪ್ರಮಾಣದ ಬೆಂಜಾಯಿಲ್ ಪೆರಾಕ್ಸೈಡ್ ಲೇಪವನ್ನೂ ಕೊಟ್ಟರು. ಎರಡರಿಂದಲೂ ಮೊಡವೆ ತಗ್ಗಿತು. ಎಲೆಯ ಎಣ್ಣೆಯ ಗುಣ ನಿಧಾನವಾಗಿ ಕಾಣಿಸಿಕೊಂಡಿತು. ಆದರೆ ಅದನ್ನು ಹಚ್ಚಿಕೊಂಡವರಲ್ಲಿ ಉರಿ, ತುರಿಕೆಗಳ ದೂರು ಕಡಿಮೆಯಿದ್ದಿತು.