ನಗರದ ಹೊಸ್ತಿಲು

ಮನೆಗೆ ಹೊಸ್ತಿಲು ಇರುವಂತೆ ಊರಿಗೂ ಒಂದು ಹೊಸ್ತಿಲು ಇರುತ್ತದೆ. ಬಂದವರನ್ನು ಎದುರುಗೊಳ್ಳುವುದೂ ಹೊರಟವರನ್ನು ಬೀಳ್ಕೊಡುವುದೂ ಅಲ್ಲಿಯೇ. ಕೋಟೆಗಳ ಕಾಲದಲ್ಲಿ ಅದು ಅಗಸೆಬಾಗಿಲಾಗಿತ್ತು. ಹಡಗುಗಳ ಕಾಲದಲ್ಲಿ ಬಂದರಿನ ಕಟ್ಟೆಯಾಯಿತು. ಉಗಿಬಂಡಿ ಬಂದ ಮೇಲೆ ರೈಲು ನಿಲ್ದಾಣವಾಯಿತು. ಇಪ್ಪತ್ತನೆಯ ಶತಮಾನದಲ್ಲಿ ವಿಮಾನ ನಿಲ್ದಾಣವೂ ಆಯಿತು. ದಿನವೂ ದಾಟುವ ಹೊಸ್ತಿಲನ್ನು ಯಾರೂ ನೋಡುವುದಿಲ್ಲ. ಅದನ್ನು ಕಿತ್ತು ಬೇರೆಡೆಗೆ ಒಯ್ದ ದಿನ ಎಲ್ಲರಿಗೂ ಅದರ ನೆನಪಾಗುತ್ತದೆ. ಹಾಂಗ್‌ಕಾಂಗ್ ನಗರದ ಜನರಿಗೆ ಇಂಥ ಅನುಭವವಾದದ್ದು 1998ರಲ್ಲಿ. ಆ ವರ್ಷ ಅಲ್ಲಿನ ಕೈ ತಕ್ ವಿಮಾನ ನಿಲ್ದಾಣವನ್ನು ಮುಚ್ಚಿದರು. ಮುಂದೆ 2004ರಲ್ಲಿ ಅದರ ಪ್ರಯಾಣಿಕರ ಕಟ್ಟಡವನ್ನೂ ಕೆಡವಿದರು. ಆದರೂ ಐವತ್ತು ದಾಟಿದ ಯಾವ ನಿವಾಸಿಯನ್ನು ಮಾತಿಗೆ ಎಳೆದರೂ ಆ ಕಟ್ಟಡ ಇನ್ನೂ ಅಲ್ಲಿಯೇ ನಿಂತಿರುವಂತೆ ಅವನು ದಾರಿ ಹೇಳತೊಡಗುತ್ತಾನೆ.

ಹಾಂಗ್‌ಕಾಂಗ್ ಚೀನಾದ ದಕ್ಷಿಣ ತೀರದ ನಗರ. 1997ರವರೆಗೆ ಅದು ಬ್ರಿಟಿಷರ ಆಡಳಿತದಲ್ಲಿತ್ತು. ಹಿಂದೆ ಬೆಟ್ಟ, ಮುಂದೆ ಕಡಲು, ನಡುವೆ ಅಂಗೈಯಗಲದ ಸಮನೆಲ. ಆದ್ದರಿಂದ ಅಲ್ಲಿ ನೆಲ ಬೇಕಾದವರು ಕಡಲನ್ನೇ ತುಂಬಬೇಕು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ವೈದ್ಯರೂ ನ್ಯಾಯವಾದಿಯೂ ಆಗಿದ್ದ ಹೋ ಕೈ ಮತ್ತು ವ್ಯಾಪಾರಿಯಾಗಿದ್ದ ಆವ್ ತಕ್ ಎಂಬಿಬ್ಬರು ಸೇರಿ, ಕೌಲೂನ್ ಕೊಲ್ಲಿಯ ಒಂದು ಭಾಗವನ್ನು ತುಂಬಿ ಮನೆಗಳನ್ನು ಕಟ್ಟಿಸುವ ಯೋಜನೆ ಹೂಡಿದರು. ಯೋಜನೆ ಕೈಗೂಡಲಿಲ್ಲ, ನೆಲ ಸರ್ಕಾರದ ವಶವಾಯಿತು. 1925ರಲ್ಲಿ ಆ ಬಯಲಿನಿಂದ ವಿಮಾನಗಳು ಹಾರತೊಡಗಿದವು. ಕನಸು ಕಂಡ ಇಬ್ಬರ ಹೆಸರುಗಳು ಮಾತ್ರ ಒಂದಾಗಿ ಅಲ್ಲಿ ಉಳಿದುಕೊಂಡವು. 1936ರಲ್ಲಿ ಪೆನಾಂಗಿನಿಂದ ಬಂದ ಮೊದಲ ವಾಣಿಜ್ಯ ವಿಮಾನದಲ್ಲಿ ಟಪಾಲಿನ ಚೀಲಗಳೊಂದಿಗೆ ಇದ್ದವನು ಒಬ್ಬನೇ ಪ್ರಯಾಣಿಕ.

ಎರಡನೆಯ ಮಹಾಯುದ್ಧದಲ್ಲಿ, 1941ರ ಡಿಸೆಂಬರಿನಲ್ಲಿ, ಜಪಾನೀಯರು ಹಾಂಗ್‌ಕಾಂಗನ್ನು ವಶಪಡಿಸಿಕೊಂಡರು. ಯುದ್ಧ ಕೈದಿಗಳಿಂದ ದುಡಿಸಿ ನಿಲ್ದಾಣವನ್ನು ವಿಸ್ತರಿಸಿದರು. ಅದಕ್ಕೆ ಬೇಕಾದ ಕಲ್ಲಿಗಾಗಿ ಸಮೀಪದ ಕೌಲೂನ್ ಕೋಟೆಯ ಗೋಡೆಗಳನ್ನು ಒಡೆದರು. ಪಕ್ಕದ ಗುಡ್ಡದ ಮೇಲೆ ಸುಂಗ್ ವೊಂಗ್ ತೋಯ್ ಎಂಬ ಕೆತ್ತನೆಯಿದ್ದ ದೊಡ್ಡ ಬಂಡೆಯೊಂದಿತ್ತು. ಹದಿಮೂರನೆಯ ಶತಮಾನದಲ್ಲಿ ಮಂಗೋಲರ ಸೇನೆಯಿಂದ ತಪ್ಪಿಸಿಕೊಂಡು ದಕ್ಷಿಣಕ್ಕೆ ಬಂದ ಸುಂಗ್ ವಂಶದ ಬಾಲ ಅರಸರು ಅಲ್ಲಿ ತಂಗಿದ್ದರೆಂಬುದು ಪ್ರತೀತಿ. ಆ ಗುಡ್ಡವನ್ನೂ ಕರಗಿಸಿದರು. ಬಂಡೆಯಲ್ಲಿ ಉಳಿದದ್ದು ಅಕ್ಷರಗಳಿದ್ದ ಭಾಗ ಮಾತ್ರ. ಯುದ್ಧ ಮುಗಿದ ಮೇಲೆ ಅದನ್ನು ಚೌಕವಾಗಿ ಕಡೆದು ಸಣ್ಣ ಉದ್ಯಾನವೊಂದರಲ್ಲಿ ನಿಲ್ಲಿಸಿದರು. ಹೀಗೆ ಕೈ ತಕ್ ಬೆಳೆದದ್ದೇ ಹಳೆಯ ನೆನಪುಗಳ ಮೇಲೆ.

1958ರಲ್ಲಿ ಕೊಲ್ಲಿಯ ನೀರಿನೊಳಕ್ಕೆ ಚಾಚಿದ ಹೊಸ ಓಡುಹಾದಿ ಸಿದ್ಧವಾಯಿತು. ಎಪ್ಪತ್ತರ ದಶಕದಲ್ಲಿ ಅದರ ಉದ್ದವನ್ನು 3,390 ಮೀಟರುಗಳಿಗೆ ಹೆಚ್ಚಿಸಿದರು. ಮೂರು ಕಡೆಯೂ ನೀರು, ಒಂದು ಕಡೆ ಜನನಿಬಿಡ ಪೇಟೆ. 1962ರಲ್ಲಿ ಹೊಸ ಪ್ರಯಾಣಿಕರ ಕಟ್ಟಡ ಬಾಗಿಲು ತೆರೆಯಿತು. ಈ ಪಾಠದ ವಸ್ತು ಆ ಕಟ್ಟಡವೇ.

ಇಲ್ಲಿ ಇಳಿಯುವುದು ಸುಲಭವಾಗಿರಲಿಲ್ಲ. ವಾಯುವ್ಯ ದಿಕ್ಕಿನಿಂದ ಬರುವ ವಿಮಾನಕ್ಕೆ ಎದುರಾಗಿ ಬೆಟ್ಟಗಳಿದ್ದವು. ಒಂದು ಗುಡ್ಡದ ಮೈಗೆ ಚದುರಂಗದ ಹಾಸಿನಂತೆ ಕೆಂಪು ಬಿಳಿ ಚೌಕಗಳನ್ನು ಬಳಿದಿದ್ದರು. ಚಾಲಕನು ಆ ಗುಡ್ಡದ ಕಡೆಗೇ ಬಂದು, ಚೌಕಗಳು ಸ್ಪಷ್ಟವಾಗಿ ಕಂಡೊಡನೆ, ಬಲಕ್ಕೆ 47 ಅಂಶಗಳಷ್ಟು ಹೊರಳಬೇಕಿತ್ತು. ಈ ತಿರುವನ್ನು ಯಂತ್ರಕ್ಕೆ ಒಪ್ಪಿಸುವಂತಿರಲಿಲ್ಲ; ಅವನು ತನ್ನ ಕಣ್ಣನ್ನೂ ಕೈಯನ್ನೂ ನಂಬಬೇಕಿತ್ತು. ರೆಕ್ಕೆ ಓರೆಯಾದ ವಿಮಾನವು ಕೌಲೂನ್ ಪೇಟೆಯ ಮಾಳಿಗೆಗಳ ಮೇಲೆ ಸರಿಯುವಾಗ, ಕಿಟಕಿಯ ಬಳಿ ಕುಳಿತ ಪ್ರಯಾಣಿಕನಿಗೆ ಕೆಳಗೆ ಒಣಹಾಕಿದ್ದ ಬಟ್ಟೆಗಳು ಕಾಣುತ್ತಿದ್ದವು.

ಆ ಬಟ್ಟೆಗಳನ್ನು ಒಣಹಾಕಿದವರ ಬದುಕನ್ನೂ ನೆನೆಯಬೇಕು. ನಿಮಿಷಗಳ ಅಂತರದಲ್ಲಿ ಕಿಟಕಿಯ ಗಾಜುಗಳು ಅದುರುತ್ತಿದ್ದವು. ಶಾಲೆಯ ಉಪಾಧ್ಯಾಯರು ವಾಕ್ಯದ ನಡುವೆ ಮಾತು ನಿಲ್ಲಿಸಿ, ಸದ್ದು ದೂರವಾದ ಮೇಲೆ ಬಿಟ್ಟ ಪದದಿಂದಲೇ ಮುಂದುವರಿಸುತ್ತಿದ್ದರು. ಮಕ್ಕಳು ತಲೆಯೆತ್ತಿ ನೋಡುವ ಗೋಜಿಗೂ ಹೋಗುತ್ತಿರಲಿಲ್ಲ. ಮಧ್ಯರಾತ್ರಿಯಿಂದ ಮುಂಜಾನೆಯವರೆಗೆ ಹಾರಾಟಕ್ಕೆ ನಿಷೇಧವಿತ್ತು. ಪೇಟೆ ನೆಮ್ಮದಿಯಾಗಿ ಮಲಗುತ್ತಿದ್ದುದು ಆ ಕೆಲವೇ ಗಂಟೆಗಳ ಕಾಲ.

ಆದರೆ ಇದೇ ಪೇಟೆಯ ಮಕ್ಕಳಿಗೆ ಆ ಕಟ್ಟಡ ಇನ್ನೊಂದು ಉಪಕಾರವನ್ನೂ ಮಾಡಿತು. ಅದನ್ನು ತಿಳಿಯಲು ಅವರ ಮನೆಗಳನ್ನು ನೋಡಬೇಕು. 1953ರ ಕ್ರಿಸ್‌ಮಸ್ ರಾತ್ರಿ ಶೆಕ್ ಕಿಪ್ ಮೇಯ್ ಎಂಬಲ್ಲಿನ ಗುಡಿಸಲುಗಳಿಗೆ ಬೆಂಕಿ ಬಿದ್ದು 50 ಸಾವಿರಕ್ಕೂ ಹೆಚ್ಚು ಜನ ನಿರ್ವಸಿತರಾದರು. ಅಂಥವರಿಗಾಗಿ ಸರ್ಕಾರ ಕಟ್ಟಿಸಿದ ಮೊದಲ ವಸತಿಗಳಲ್ಲಿ ಐವರು ವಯಸ್ಕರ ಕುಟುಂಬಕ್ಕೆ ಸಿಕ್ಕಿದ್ದು 120 ಚದರ ಅಡಿಯ ಒಂದೇ ಕೋಣೆ. ಅಡುಗೆ, ಊಟ, ನಿದ್ರೆ, ಹೊಲಿಗೆಯ ಕೂಲಿ ಎಲ್ಲವೂ ಅಲ್ಲಿಯೇ. ಮುಂದಿನ ದಶಕಗಳಲ್ಲಿಯೂ ಬಡವರ ಮನೆಗಳು ಇಕ್ಕಟ್ಟಾಗಿಯೇ ಉಳಿದವು. ಪರೀಕ್ಷೆಯ ಕಾಲ ಬೇಸಿಗೆಯ ಸೆಕೆಯಲ್ಲಿ ಬರುತ್ತಿತ್ತು. ಓದುವ ಹುಡುಗನಿಗೆ ಮೂಲೆಯೂ ಇಲ್ಲ, ದೀಪವೂ ಇಲ್ಲ, ಸದ್ದಿಲ್ಲದ ಗಳಿಗೆಯೂ ಇಲ್ಲ.

ಆಗ ಅವರಿಗೆ ಕಂಡದ್ದು ವಿಮಾನ ನಿಲ್ದಾಣ. ಅಲ್ಲಿ ತಂಪು ಗಾಳಿಯಿತ್ತು, ಹಗಲಿನಂಥ ಬೆಳಕಿತ್ತು, ಕುಳಿತುಕೊಳ್ಳಲು ಸ್ಥಳವಿತ್ತು. ಎಪ್ಪತ್ತು ಮತ್ತು ಎಂಬತ್ತರ ದಶಕಗಳಲ್ಲಿ ಪುಸ್ತಕದ ಚೀಲ ಹೆಗಲಿಗೇರಿಸಿದ ವಿದ್ಯಾರ್ಥಿಗಳು ಸಂಜೆಯಾದೊಡನೆ ಅಲ್ಲಿಗೆ ನಡೆದು ಬರುತ್ತಿದ್ದರು. ಒಂದು ಕಡೆ ಪರದೇಶಕ್ಕೆ ಹೊರಟವರ ಪೆಟ್ಟಿಗೆಗಳ ಸಾಲು, ಇನ್ನೊಂದು ಕಡೆ ಬೀಜಗಣಿತದ ಲೆಕ್ಕ ಬಿಡಿಸುವ ಹುಡುಗಿಯರು. ಧ್ವನಿವರ್ಧಕವು ಲಂಡನ್, ಟೋಕಿಯೊ, ಸಿಡ್ನಿ ಎಂದು ಕೂಗುತ್ತಿದ್ದರೆ, ಆ ಊರುಗಳನ್ನು ಭೂಗೋಳದ ಪುಸ್ತಕದಲ್ಲಿ ಮಾತ್ರ ಕಂಡವರು ತಲೆ ತಗ್ಗಿಸಿ ಓದುತ್ತಿದ್ದರು. ಅವರಲ್ಲಿ ಬಹುಮಂದಿ ಆವರೆಗೆ ವಿಮಾನವನ್ನು ಹತ್ತಿದವರಲ್ಲ. ಕಟ್ಟಡವನ್ನು ರೂಪಿಸಿದ ಶಿಲ್ಪಿಯ ನಕ್ಷೆಯಲ್ಲಿ ವಾಚನಾಲಯವಿರಲಿಲ್ಲ. ಊರಿನ ಕೊರತೆಯೇ ಅದನ್ನು ವಾಚನಾಲಯವನ್ನಾಗಿ ಮಾಡಿತು.

ಅದೇ ಚಾವಣಿಯ ಕೆಳಗೆ ಕಣ್ಣೀರೂ ಹರಿಯಿತು. 1997ರಲ್ಲಿ ಹಾಂಗ್‌ಕಾಂಗನ್ನು ಚೀನಾಕ್ಕೆ ಹಿಂದಿರುಗಿಸಬೇಕೆಂದು 1984ರಲ್ಲಿ ಬ್ರಿಟನ್ ಮತ್ತು ಚೀನಾ ಒಪ್ಪಂದ ಮಾಡಿಕೊಂಡವು. ಮುಂದೇನೋ ಎಂಬ ಆತಂಕದಿಂದ ಸಾವಿರಾರು ಕುಟುಂಬಗಳು ಕೆನಡಾ, ಆಸ್ಟ್ರೇಲಿಯಾ ಮೊದಲಾದ ದೇಶಗಳಿಗೆ ವಲಸೆ ಹೊರಟವು. 1992 ಒಂದೇ ವರ್ಷದಲ್ಲಿ ಹೀಗೆ ಹೊರಟವರ ಸಂಖ್ಯೆ ಸುಮಾರು 66 ಸಾವಿರ. ಒಬ್ಬನನ್ನು ಕಳುಹಿಸಲು ಇಡೀ ಬಂಧುಬಳಗ ಬರುತ್ತಿತ್ತು. ನಿರ್ಗಮನದ ಬಾಗಿಲಿನ ಮುಂದೆ ಎಲ್ಲರೂ ಸಾಲಾಗಿ ನಿಂತು ಭಾವಚಿತ್ರ ತೆಗೆಸಿಕೊಳ್ಳುವರು. ಅಜ್ಜಿ ಮೊಮ್ಮಗಳ ಕೈ ಬಿಡಲೊಲ್ಲಳು. ಕೊನೆಗೆ ಬಾಗಿಲು ದಾಟಿದವರು ತಿರುಗಿ ನೋಡುವರು. ಆ ಊರಿನ ಎಷ್ಟೋ ಮನೆಗಳ ಚಿತ್ರಸಂಪುಟಗಳಲ್ಲಿ ಕುಟುಂಬವೆಲ್ಲ ಒಟ್ಟಿಗೆ ಇರುವ ಕೊನೆಯ ಚಿತ್ರಕ್ಕೆ ಹಿನ್ನೆಲೆಯಾಗಿರುವುದು ಕೈ ತಕ್ ಕಟ್ಟಡದ ಗೋಡೆ.

ಆದರೆ ನಿಲ್ದಾಣ ತನ್ನ ಶಕ್ತಿಯನ್ನು ಮೀರಿ ದುಡಿಯುತ್ತಿತ್ತು. 1996ರಲ್ಲಿ ಅಲ್ಲಿ ಹಾದುಹೋದ ಪ್ರಯಾಣಿಕರ ಸಂಖ್ಯೆ ಸುಮಾರು 2 ಕೋಟಿ 95 ಲಕ್ಷ. ಅಷ್ಟಕ್ಕೂ ಇದ್ದದ್ದು ಒಂದೇ ಓಡುಹಾದಿ. ಸುತ್ತಲೂ ಮನೆಗಳಿದ್ದುದರಿಂದ ಇನ್ನೊಂದಕ್ಕೆ ಎಡೆಯಿರಲಿಲ್ಲ. 1993ರ ನವೆಂಬರಿನ ಬಿರುಗಾಳಿಯಲ್ಲಿ ಇಳಿದ ಬೃಹತ್ ವಿಮಾನವೊಂದು ಹಾದಿಯ ತುದಿಯಲ್ಲಿ ನಿಲ್ಲಲಾರದೆ ಕಡಲಿಗೆ ಜಾರಿತು. ಒಳಗಿದ್ದ 396 ಜನರೂ ಬದುಕಿ ಉಳಿದದ್ದು ಪುಣ್ಯ. ಸ್ಥಳಾಂತರದ ನಿರ್ಧಾರ ಅದಕ್ಕೆ ಮೊದಲೇ, 1989ರಲ್ಲಿಯೇ, ಪ್ರಕಟವಾಗಿತ್ತು. ಲಾಂಟಾವ್ ದ್ವೀಪದ ಮಗ್ಗುಲಲ್ಲಿ ಚೆಕ್ ಲಾಪ್ ಕೊಕ್ ಎಂಬ ನಡುಗಡ್ಡೆಯನ್ನು ಸಮತಟ್ಟು ಮಾಡಿ, ಕಡಲನ್ನು ತುಂಬಿ ಹೊಸ ನಿಲ್ದಾಣವನ್ನು ನಿರ್ಮಿಸಿದರು.

1998ರ ಜುಲೈ 5ರ ರಾತ್ರಿ ಜನರು ಮಾಳಿಗೆಗಳ ಮೇಲೆ, ರಸ್ತೆಗಳ ಬದಿಯಲ್ಲಿ ಗುಂಪುಗೂಡಿದರು. ರಾತ್ರಿ 11 ಗಂಟೆ 38 ನಿಮಿಷಕ್ಕೆ ಚೊಂಗ್‌ಚಿಂಗ್ ನಗರದಿಂದ ಬಂದ ಕೊನೆಯ ವಿಮಾನ ಇಳಿಯಿತು. ಮಧ್ಯರಾತ್ರಿ ಕಳೆದು ಎರಡು ನಿಮಿಷಕ್ಕೆ ಲಂಡನ್ನಿಗೆ ಹೊರಟ ಕೊನೆಯ ವಿಮಾನ ಮೇಲೇರಿತು. ಅನಂತರ ನಾಗರಿಕ ವಿಮಾನಯಾನದ ನಿರ್ದೇಶಕರು ನಿಯಂತ್ರಣ ಗೋಪುರದಲ್ಲಿ ನಿಂತು, ಕೈ ತಕ್‌ಗೆ ವಿದಾಯವನ್ನೂ ಕೃತಜ್ಞತೆಯನ್ನೂ ಚುಟುಕಾಗಿ ಹೇಳಿ, ಓಡುಹಾದಿಯ ದೀಪಗಳನ್ನು ಆರಿಸಿದರು. ಅದೇ ಇರುಳಿನಲ್ಲಿ ಲಾರಿಗಳೂ ದೋಣಿಗಳೂ ಸಾಮಗ್ರಿಯನ್ನು ಹೊಸ ನಿಲ್ದಾಣಕ್ಕೆ ಸಾಗಿಸಿದವು; ಬೆಳಗಾಗುವಷ್ಟರಲ್ಲಿ ಹೊಸ್ತಿಲು ಬದಲಾಗಿತ್ತು. ಹೊಸ ನಿಲ್ದಾಣದಲ್ಲಿ ಮೊದಲ ದಿನಗಳಲ್ಲಿ ಸರಕಿನ ಯಂತ್ರವ್ಯವಸ್ಥೆ ಕೆಟ್ಟಾಗ, ಹಳೆಯ ಕೈ ತಕ್‌ನ ಸರಕಿನ ಕೋಠಿಯನ್ನೇ ಕೆಲಕಾಲ ಮತ್ತೆ ತೆರೆಯಬೇಕಾಯಿತು. ಕೆಲಸ ಬಿಟ್ಟ ಹಿರಿಯನನ್ನು ಮರುದಿನವೇ ಕರೆಸಿಕೊಂಡಂತಾಯಿತು.

ಕೌಲೂನ್ ಪೇಟೆಯಲ್ಲಿ ಮೌನ ನೆಲೆಸಿತು. ಬಹುಕಾಲದಿಂದ ಬೇಡಿಕೊಂಡಿದ್ದ ನೆಮ್ಮದಿ ಅದು. ಆದರೂ ಏನೋ ಕಳೆದುಹೋದಂತೆ ಜನ ತಲೆಯೆತ್ತಿ ಬರಿಯ ಆಕಾಶವನ್ನು ನೋಡಿದರು. ಖಾಲಿ ಕಟ್ಟಡದಲ್ಲಿ ಕೆಲವು ವರ್ಷ ಸರ್ಕಾರಿ ಕಚೇರಿಗಳೂ ಆಟದ ಅಂಗಳಗಳೂ ನಡೆದವು. ಬಳಿಕ ಯಂತ್ರಗಳು ಬಂದವು, ಗೋಡೆಗಳು ಉರುಳಿದವು.

ನೆಲವನ್ನು ಅಗೆದಾಗ ಒಂದು ಅಚ್ಚರಿ ಕಾದಿತ್ತು. 2008ರಲ್ಲಿ ಅಲ್ಲಿ ಲುಂಗ್ ತ್ಸುನ್ ಎಂಬ ಕಲ್ಲಿನ ಸೇತುವೆಯ ಅವಶೇಷಗಳು ದೊರೆತವು. 1873ರಿಂದ 1875ರವರೆಗೆ ಕಟ್ಟಿದ ಆ ಸೇತುವೆಯ ಮೇಲೆ, ದೋಣಿಯಿಂದ ಇಳಿದ ಅಧಿಕಾರಿಗಳು ಕೌಲೂನ್ ಕೋಟೆಗೆ ನಡೆದು ಬರುತ್ತಿದ್ದರು. ಅವರನ್ನು ಎದುರುಗೊಳ್ಳಲು ಅದರ ಬಳಿ ಒಂದು ಮಂಟಪವೂ ಇತ್ತು. ಎಂದರೆ ವಿಮಾನಗಳ ಹೊಸ್ತಿಲಿನ ಕೆಳಗೆ ದೋಣಿಗಳ ಹೊಸ್ತಿಲು ಮಲಗಿತ್ತು. ಒಂದು ಕಾಲದವರು ಯೋಚಿಸದೆ ಹೂತದ್ದನ್ನು ಮತ್ತೊಂದು ಕಾಲದವರು ಅಗೆದು ಕಾಪಾಡಬೇಕಾಯಿತು. ಕೈ ತಕ್ ಕಟ್ಟಡಕ್ಕೆ ಅಂಥ ಭಾಗ್ಯವಿಲ್ಲ. ಅದು ಉಳಿದಿರುವುದು ಕಂಡವರ ಮಾತಿನಲ್ಲಿ ಮತ್ತು ಮನೆಗಳ ಚಿತ್ರಸಂಪುಟಗಳಲ್ಲಿ. ಬರೆದಿಡದಿದ್ದರೆ ಅದೂ ಒಂದು ತಲೆಮಾರಿಗೆ ಮುಗಿಯುತ್ತದೆ.

ಇಂದು ಹಳೆಯ ಓಡುಹಾದಿಯ ತುದಿಯಲ್ಲಿ 2013ರಲ್ಲಿ ತೆರೆದ ಪ್ರವಾಸಿ ಹಡಗುಗಳ ನಿಲ್ದಾಣವಿದೆ. 2025ರಲ್ಲಿ 50 ಸಾವಿರ ಆಸನಗಳ ಕ್ರೀಡಾಂಗಣವೂ ಸಿದ್ಧವಾಯಿತು. ಅದೇ ಬಯಲಿನಲ್ಲಿ ಸರ್ಕಾರ ಕಟ್ಟಿಸಿದ ವಸತಿಗಳಲ್ಲಿ ಜನ ನೆಲೆಸಿದ್ದಾರೆ. ಹೋ ಕೈ ಮತ್ತು ಆವ್ ತಕ್ ಮನೆಗಳಿಗಾಗಿಯೇ ತುಂಬಿಸಲು ಹೊರಟಿದ್ದ ನೆಲದಲ್ಲಿ, ಸುಮಾರು ನೂರು ವರ್ಷಗಳ ಬಳಿಕ, ಮನೆಗಳು ಎದ್ದಿವೆ. ಪರೀಕ್ಷೆಯ ಕಾಲದಲ್ಲಿ ಆ ಮನೆಗಳ ಕಿಟಕಿಗಳಲ್ಲಿಯೂ ರಾತ್ರಿ ದೀಪ ಉರಿಯುತ್ತದೆ. ಹಿಂದಿನ ಮಕ್ಕಳು ಊರಿನ ಹೊಸ್ತಿಲಿನ ದೀಪದಲ್ಲಿ ಓದಿದ ಸ್ಥಳ ಅದೇ ಎಂಬುದನ್ನು ಒಳಗೆ ಓದುತ್ತಿರುವ ಮಗುವಿಗೆ ಯಾರಾದರೂ ಹೇಳಬೇಕು.

ಅಭ್ಯಾಸ

1. ಕೈ ತಕ್ ಎಂಬ ಹೆಸರು ಹೇಗೆ ಬಂದಿತು?
2. ವಿಮಾನ ಚಾಲಕರಿಗೆ ಇಲ್ಲಿ ಇಳಿಯುವುದು ಏಕೆ ಕಷ್ಟವಾಗಿತ್ತು?
3. ವಿದ್ಯಾರ್ಥಿಗಳು ವಿಮಾನ ನಿಲ್ದಾಣದಲ್ಲಿ ಓದಲು ಕಾರಣವೇನು?
4. ‘ವಿಮಾನಗಳ ಹೊಸ್ತಿಲಿನ ಕೆಳಗೆ ದೋಣಿಗಳ ಹೊಸ್ತಿಲು ಮಲಗಿತ್ತು’ – ಈ ಮಾತನ್ನು ವಿವರಿಸಿರಿ.
5. ನಿಮ್ಮ ಊರಿನಲ್ಲಿ ಈಗ ಇಲ್ಲದ ಒಂದು ಕಟ್ಟಡವನ್ನು ಕುರಿತು ಹಿರಿಯರಿಂದ ಕೇಳಿ ತಿಳಿದು ಒಂದು ಪುಟ ಬರೆಯಿರಿ.