ಹೊಸ ಇಯರ್‌ಫೋನಿಗೆ ಒಂದು ವಾರ ಕೊಡು

ನೋಡು ಮಗೂ, ಐನೂರು, ಸಾವಿರ ರೂಪಾಯಿಯದು ಅಂತ ಹೊಸ ಇಯರ್‌ಫೋನನ್ನು ಹಗುರವಾಗಿ ಕಾಣಬೇಡ. ಆ ಬೆಲೆಗೆ ಸಿಗುವ ವೈರಿನ ಇಯರ್‌ಫೋನುಗಳಲ್ಲಿ ಕೆಲವು ನಿಜಕ್ಕೂ ಚೆನ್ನಾಗಿವೆ. ಆದರೆ ಡಬ್ಬ ಬಿಚ್ಚಿದ ಐದೇ ನಿಮಿಷಕ್ಕೆ ‘ಸೂಪರ್’ ಅಂತಲೋ ‘ದಂಡ’ ಅಂತಲೋ ತೀರ್ಮಾನಿಸಿಬಿಡಬೇಡ. ಹೊಸದರಲ್ಲಿ ಕಿವಿ ಬಲು ಸುಲಭವಾಗಿ ಮೋಸಹೋಗುತ್ತದೆ.

ಮೊದಲು ತುದಿಯ ರಬ್ಬರ್ ಬಡ್ ನೋಡು. ಸಣ್ಣದು, ಮಧ್ಯಮ, ದೊಡ್ಡದು ಅಂತ ಸಾಮಾನ್ಯವಾಗಿ ಮೂರು ಜೊತೆ ಕೊಟ್ಟಿರುತ್ತಾರೆ. ಹೆಚ್ಚಿನವರು ಸಿಕ್ಕಿಸಿರುವುದನ್ನೇ ಹಾಕಿಕೊಂಡು ಉಳಿದದ್ದನ್ನು ಡಬ್ಬದಲ್ಲೇ ಬಿಡುತ್ತಾರೆ. ಬಡ್ ಬಿಗಿಯಾಗಿ ಕೂರದಿದ್ದರೆ ಮೊದಲು ಸೋರಿಹೋಗುವುದೇ ಬೇಸ್. ಆಗ ಒಳ್ಳೆಯ ಇಯರ್‌ಫೋನೂ ಹಳೇ ರೇಡಿಯೋದ ಹಾಗೆ ಕೀಚಲಾಗಿ ಕೇಳಿಸುತ್ತದೆ. ಒಂದು ಕೈಯಲ್ಲಿ ಕಿವಿಯನ್ನು ಮೆಲ್ಲಗೆ ಮೇಲಕ್ಕೆ, ಹಿಂದಕ್ಕೆ ಎಳೆದು ಹಿಡಿದು ಇನ್ನೊಂದು ಕೈಯಲ್ಲಿ ಕೂರಿಸು. ಎರಡೂ ಕಿವಿಗೆ ಒಂದೇ ಸೈಜ್ ಆಗಬೇಕೆಂದೇನೂ ಇಲ್ಲ. ಸರಿಯಾಗಿ ಕೂತಿತೋ ಇಲ್ಲವೋ ತಿಳಿಯಲು 1960ರ ದಶಕದ ಪಿ.ಬಿ. ಶ್ರೀನಿವಾಸ್ ಹಾಡೊಂದನ್ನು ಹಾಕು. ಆಗಿನ ಚಿತ್ರಗೀತೆಗಳು ಬಹುಪಾಲು ಮೋನೋ, ಎರಡೂ ಕಿವಿಗೆ ಬರುವುದು ಒಂದೇ ಸದ್ದು. ಅವರ ದನಿ ತಲೆಯ ನಟ್ಟನಡುವೆ ನಿಲ್ಲಬೇಕು. ಎಡಕ್ಕೆ ವಾಲಿದರೆ ಬಲಗಡೆಯ ಬಡ್ ಬದಲಿಸು. ಆಗಲೂ ವಾಲಿದರೆ ಎಡಬಲ ಅದಲುಬದಲು ಮಾಡಿ ಕೇಳು. ಈಗ ದನಿ ಬಲಕ್ಕೆ ಹೋಯಿತೋ, ದೋಷ ಇಯರ್‌ಫೋನಿನದೇ. ಸುಮ್ಮನೆ ವಾಪಸು ಕೊಡು.

ಇನ್ನು ಬೇಸ್. ಅಗ್ಗದವುಗಳಲ್ಲಿ ಅದನ್ನು ಉಬ್ಬಿಸುವುದು ಮಾಮೂಲು, ಮೊದಲ ಸಲ ಕೇಳುವವರಿಗೆ ಅದು ಹಿಡಿಸುತ್ತದೆ. ಒಂದು ಸಂಗೀತ ಕಛೇರಿ ಹಾಕಿ ಕೇಳು. ಮೃದಂಗದ ಎಡಗಡೆಯ ಪೆಟ್ಟು ಬಿದ್ದಾಗಲೆಲ್ಲ ತಂಬೂರಿಯ ನಾದ ಮುಳುಗಿಹೋಗಿ ಸಾಹಿತ್ಯ ಮಸುಕಾದರೆ, ಅಂಥದ್ದು ವಾರದೊಳಗೆ ಬೇಸರ ತರಿಸುತ್ತದೆ. ಗೆಳತಿಯದರ ಜೊತೆ ಹೋಲಿಸುವಾಗ ಎರಡರ ಸದ್ದನ್ನೂ ಸಮ ಮಾಡಿಕೋ. ಸದ್ದು ತಗ್ಗಿದಂತೆ ಕಿವಿಗೆ ಬೇಸ್ ಇನ್ನೂ ಕಡಿಮೆ ಕೇಳಿಸುತ್ತದೆಂದು ಫ್ಲೆಚರ್, ಮನ್ಸನ್ ಎಂಬಿಬ್ಬರು 1933ರಲ್ಲೇ ಅಳೆದು ತೋರಿಸಿದ್ದಾರೆ. ಹಾಗಾಗಿ ತುಸು ಜೋರಾಗಿರುವುದೇ ತುಂಬುದನಿ ಅನ್ನಿಸಿಬಿಡುತ್ತದೆ.

ಬಡ್ಡಿನ ವಿಷಯ ಇಷ್ಟು ಎಳೆದದ್ದಕ್ಕೆ ಕಾರಣವಿದೆ. ಅದು ಸರಿಯಾಗಿ ಕೂತರೆ ಬಸ್ಸಿನ ಗದ್ದಲ ಬಹುಪಾಲು ಹೊರಗೇ ಉಳಿಯುತ್ತದೆ, ವಾಲ್ಯೂಮ್ ಏರಿಸುವ ಗೋಜಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬೆಲ್ ಆದರೆ ಬರೀ 4 ಗಂಟೆ. ಒಳಗಿವಿಯಲ್ಲಿ ಸದ್ದು ಹಿಡಿಯುವ ಸೂಕ್ಷ್ಮ ಜೀವಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ ಮಗೂ, ನನಗೆ ಭಯ ಅದೊಂದೇ. ಫೋನಿನಲ್ಲಿ ವಾಲ್ಯೂಮಿಗೆ ಮಿತಿ ಹಾಕುವ ಸೆಟಿಂಗ್ ಇದ್ದರೆ ಇವತ್ತೇ ಹಾಕಿಕೋ. ರಸ್ತೆ ದಾಟುವಾಗ ಎರಡನ್ನೂ ತೆಗೆದುಬಿಡು. ಮಾರನೇ ದಿನವೂ ಕಿವಿಯಲ್ಲಿ ಗುಂಯ್ ಅನ್ನುತ್ತಿದ್ದರೆ ಬೈಸಿಕೊಳ್ಳುತ್ತೇನೆಂದು ಮುಚ್ಚಿಡದೆ ಅಮ್ಮನಿಗೆ ಹೇಳಿ, ಕಿವಿ ಡಾಕ್ಟರ ಹತ್ತಿರ ಹೋಗಿ ಬಾ.